ಮುಪ್ಪಿನ ಮುಖ, ಮನೆಯ ಭಾವಚಿತ್ರ

ಸಿರಿಗೆರೆ, ಹೊಳಲ್ಕೆರೆ, ಹೊಸದುರ್ಗದ ಸುತ್ತಿನ ಹಳೆಯ ಮನೆಗಳ ಪಡಸಾಲೆಯಲ್ಲಿ ತಲೆಯೆತ್ತಿ ನೋಡಿದರೆ, ಗೋಡೆಯ ಮೇಲ್ಭಾಗದಲ್ಲಿ ಸ್ವಲ್ಪ ಮುಂದಕ್ಕೆ ಬಾಗಿಸಿ ತೂಗುಹಾಕಿದ ಭಾವಚಿತ್ರಗಳ ಸಾಲು ಕಾಣುತ್ತದೆ. ಅವುಗಳಲ್ಲಿ ಕೆಲವನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸಂಗತಿ ತಿಳಿಯುತ್ತದೆ: ಚಿತ್ರದಲ್ಲಿರುವ ಅಜ್ಜನ ಕಣ್ಣುಗಳು ಮುಚ್ಚಿವೆ. ಲಿಂಗೈಕ್ಯರಾದ ಹಿರಿಯರನ್ನು ಕುಳ್ಳಿರಿಸಿ, ಹಣೆತುಂಬ ವಿಭೂತಿ ಧರಿಸಿ, ಹೂವಿನಿಂದ ಅಲಂಕರಿಸಿ, ಮಕ್ಕಳು ಮೊಮ್ಮಕ್ಕಳು ಸುತ್ತ ನಿಂತು ತೆಗೆಸಿದ ಚಿತ್ರವದು. ಆ ಗಳಿಗೆಗಾಗಿಯೇ ಪಟ್ಟಣದಿಂದ ಫೋಟೊದವರನ್ನು ಕರೆಸಲಾಗಿತ್ತು. ಎಷ್ಟೋ ಹಿರಿಯ ಜೀವಗಳ ಪಾಲಿಗೆ ಇಡೀ ಬಾಳಿನ ಏಕೈಕ ಫೋಟೊ ಅದು. ಅದನ್ನು ಅವರೇ ನೋಡಲಿಲ್ಲ.

ಇಂದು ಮನೆಯ ಪ್ರತಿಯೊಬ್ಬರ ಕಿಸೆಯಲ್ಲಿಯೂ ಕ್ಯಾಮೆರಾ ಇದೆ. ಆದರೂ ಶಿವಗಣಾರಾಧನೆಯ ಆಹ್ವಾನಪತ್ರಿಕೆಗೆ ಚಿತ್ರ ಬೇಕೆಂದಾಗ ಮನೆಮಂದಿ ಪರದಾಡುವುದು ತಪ್ಪಿಲ್ಲ. ಕೊನೆಗೆ ಆಧಾರ್ ಕಾರ್ಡಿನ ಮಸುಕು ಚಿತ್ರವನ್ನು ಹಿಗ್ಗಿಸುತ್ತಾರೆ, ಇಲ್ಲವೇ ಯಾರದೋ ಮದುವೆಯ ಗುಂಪುಚಿತ್ರದಿಂದ ಅವ್ವನ ಮುಖವನ್ನು ಕತ್ತರಿಸಿ ತೆಗೆಯುತ್ತಾರೆ. ಪಕ್ಕದವರ ಭುಜದ ತುಣುಕೊಂದು ಅದರಲ್ಲಿ ಉಳಿದುಕೊಂಡಿರುತ್ತದೆ. (ಮದುವೆಯ ಆಲ್ಬಮ್ಮುಗಳಲ್ಲಿ ಹಿರಿಯರು ಕಾಣಿಸಿಕೊಳ್ಳುವುದು ಹೆಚ್ಚಾಗಿ ಊಟದ ಪಂಕ್ತಿಯಲ್ಲಿ. ತುತ್ತು ಬಾಯಿಗೆ ಹೋಗುವ ಹೊತ್ತಿಗೇ ಕ್ಯಾಮೆರಾದವನೂ ಬಂದು ನಿಲ್ಲುತ್ತಾನೆ.) ಮಗುವಿನ ಮೊದಲ ವರ್ಷದಲ್ಲಿ ಸಾವಿರ ಚಿತ್ರ ತೆಗೆಯುವ ನಾವು, ಹೆತ್ತವರ ಕೊನೆಯ ಇಪ್ಪತ್ತು ವರ್ಷಗಳಲ್ಲಿ ಅವರ ಮುಖವನ್ನು ಒಮ್ಮೆಯಾದರೂ ನೆಟ್ಟ ನೋಟದಿಂದ ನೋಡಿದ್ದೇವೆಯೇ? ಆರೋಗ್ಯದ ಪುಟದಲ್ಲಿ ಭಾವಚಿತ್ರದ ಮಾತೇಕೆ ಎಂದು ಓದುಗರಿಗೆ ಅನ್ನಿಸಬಹುದು. ಮುಪ್ಪಿನ ಮುಖವನ್ನು ಆತುರದಲ್ಲಿ ನೋಡುವವರು ಅದನ್ನು ತಪ್ಪಾಗಿ ಓದುತ್ತಾರೆ. ಆ ತಪ್ಪು ಓದಿನಲ್ಲಿ ಕೆಲವೊಮ್ಮೆ ರೋಗವೂ ಕೈತಪ್ಪುತ್ತದೆ, ಸಂಬಂಧವೂ ಕೆಡುತ್ತದೆ.

ಫೋಟೊ ಎಂದರೆ ಹಿರಿಯರೇ ಹಿಂಜರಿಯುತ್ತಾರೆ ಎಂಬುದೂ ನಿಜ. "ಈ ಮುದಿ ಮೋರೆಗೆ ಯಾತರ ಫೋಟೊ ಬಿಡಪ್ಪ" ಎನ್ನುವ ಅವ್ವಂದಿರು ಮನೆಮನೆಯಲ್ಲಿದ್ದಾರೆ. ಫೋಟೊ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆಂಬ ಹಳೆಯ ನಂಬಿಕೆ ಕೆಲವರದು. ಇನ್ನು ಕೆಲವರಿಗೆ, ಮಗ ಇದ್ದಕ್ಕಿದ್ದಂತೆ ಕ್ಯಾಮೆರಾ ಹಿಡಿದು ನಿಂತರೆ, ತಮ್ಮ ಕಾಲ ಸಮೀಪಿಸಿತೆಂದು ಇವನಿಗೆ ಹೊಳೆದಿರಬೇಕೆಂಬ ಅನುಮಾನ. ಹಲ್ಲು ಬಿದ್ದ ಬಾಯಿಯ ನಾಚಿಕೆ, ಪೊರೆ ಬಂದ ಕಣ್ಣಿಗೆ ಫ್ಲ್ಯಾಶ್ ಬೆಳಕಿನ ಹಿಂಸೆ, ಇವುಗಳನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮುಪ್ಪಿನ ಮುಖ ಚೆಂದವಲ್ಲವೆಂಬ ಭಾವನೆಯನ್ನೇ ಒಮ್ಮೆ ಪರೀಕ್ಷಿಸೋಣ. ಶಿವರಾಮ ಕಾರಂತರೆಂದರೆ ನಮ್ಮ ಕಣ್ಣಿಗೆ ಬರುವುದು ಗಾಳಿಗೆದರಿದ ಬಿಳಿಗೂದಲಿನ ಮುಖ; ಮಾಸ್ತಿಯವರೆಂದರೆ ಇಳಿವಯಸ್ಸಿನ ಪ್ರಸನ್ನ ಮುಖ. ನಮ್ಮ ಜಿಲ್ಲೆಯವರೇ ಆದ ಎಸ್. ನಿಜಲಿಂಗಪ್ಪನವರು 97 ವರ್ಷ ಬದುಕಿದರು. ಅವರನ್ನು ಕಪ್ಪುಗೂದಲಿನ ತರುಣನಾಗಿ ಎಷ್ಟು ಮಂದಿ ಕಲ್ಪಿಸಿಕೊಳ್ಳಬಲ್ಲರು? 2019ರಲ್ಲಿ ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳ ಮುಖವನ್ನು ಸುಕ್ಕುಗಳಿಲ್ಲದೆ ನೆನೆಯಲು ಸಾಧ್ಯವೇ ಇಲ್ಲ. ಸಾಲುಮರದ ತಿಮ್ಮಕ್ಕನವರ ವಿಭೂತಿಯ ಹಣೆಯೂ ಹಾಗೆಯೇ. ನಾಡು ಗೌರವದಿಂದ ಮನಸ್ಸಿನಲ್ಲಿಟ್ಟುಕೊಂಡಿರುವ ಮುಖಗಳಲ್ಲಿ ಬಹಳಷ್ಟು ವೃದ್ಧರ ಮುಖಗಳೇ. ಅದಕ್ಕೆ ಛಾಯಾಗ್ರಾಹಕರ ಋಣವೂ ಸೇರಿದೆ. ಕನ್ನಡ ಸಾಹಿತಿಗಳ ಭಾವಚಿತ್ರಗಳನ್ನು ತೆಗೆದ ಕೆ. ಜಿ. ಸೋಮಶೇಖರ್ ಮತ್ತು ಎ. ಎನ್. ಮುಕುಂದ, ಜನಸಾಮಾನ್ಯರ ಬದುಕನ್ನು ಕಪ್ಪುಬಿಳುಪಿನಲ್ಲಿ ಹಿಡಿದ ಮೈಸೂರಿನ ಟಿ. ಎಸ್. ಸತ್ಯನ್ ಮುಂತಾದವರು ಸುಕ್ಕನ್ನು ಅಳಿಸಲಿಲ್ಲ. ನಾಡಿನ ಹಿರಿಯರ ಸುಕ್ಕಿಗೆ ಕೊಡುವ ಮನ್ನಣೆಯನ್ನು ಮನೆಯ ಹಿರಿಯರ ಸುಕ್ಕಿಗೆ ಕೊಡಲು ನಮಗೇಕೋ ಸಂಕೋಚ.

ಬಸವಣ್ಣನವರ ಪ್ರಸಿದ್ಧ ವಚನವೊಂದರಲ್ಲಿ ಮುಪ್ಪಿನ ಗುರುತುಗಳು ಒಂದರ ಹಿಂದೊಂದರಂತೆ ಬರುತ್ತವೆ: ನರೆತ ಕೂದಲು, ಸುಕ್ಕಾದ ಗಲ್ಲ, ಸೊರಗಿದ ಮೈ, ಹೋದ ಹಲ್ಲು, ಬಾಗಿದ ಬೆನ್ನು, ಕೈಗೆ ಬಂದ ಕೋಲು. ವಚನದ ಉದ್ದೇಶ ಮುಪ್ಪನ್ನು ಹೀಗಳೆಯುವುದಲ್ಲ. ಮುಪ್ಪು ಬರುವವರೆಗೆ ಪೂಜೆಯನ್ನು ಮುಂದೂಡಬೇಡಿರೆಂಬ ಎಚ್ಚರಿಕೆ. ಆದರೆ ಆ ಗುರುತುಗಳನ್ನು ಅನುಕ್ರಮವಾಗಿ ಕಂಡ ಕಣ್ಣು ವೈದ್ಯನ ಕಣ್ಣಿನಂತೆ ನಿಖರವಾದುದು. ವೃದ್ಧರನ್ನು ಪರೀಕ್ಷಿಸುವ ಇಂದಿನ ವೈದ್ಯರೂ ಹೆಚ್ಚುಕಡಿಮೆ ಇವನ್ನೇ ನೋಡುತ್ತಾರೆ.

ಸುಕ್ಕು ಎಂಬುದು ಕೇವಲ ವಯಸ್ಸಿನ ಕೆಲಸವಲ್ಲ. ಚರ್ಮಕ್ಕೆ ಬಿಗುವು ಕೊಡುವ ಕೊಲಾಜನ್, ಎಳೆದರೆ ಹಿಂದಕ್ಕೆ ಸರಿಯುವ ಗುಣ ಕೊಡುವ ಎಲಾಸ್ಟಿನ್ ಎಂಬ ಎರಡು ನಾರುಗಳು ವಯಸ್ಸಾದಂತೆ ಕ್ಷೀಣಿಸುತ್ತವೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಆ ಕ್ಷಯವನ್ನು ತ್ವರಿತಗೊಳಿಸುತ್ತವೆ. ಶೇಂಗಾ ಹೊಲದಲ್ಲಿ ಬಾಳು ಸವೆಸಿದ ಅಪ್ಪನ ಕತ್ತಿನ ಹಿಂಭಾಗವನ್ನು ನೋಡಿರಿ: ಬಿರಿದ ಕೆರೆಯಂಗಳದಂತೆ ಅಡ್ಡ ಉದ್ದ ಗೆರೆಗಳು. ಅದೇ ಅಪ್ಪನ ತೋಳಿನ ಒಳಮೈ, ಬಿಸಿಲು ಕಾಣದ ಜಾಗ, ಇನ್ನೂ ನುಣುಪಾಗಿರುತ್ತದೆ. ಎರಡೂ ಒಂದೇ ವಯಸ್ಸಿನ ಚರ್ಮ. 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 69 ವರ್ಷದ ಟ್ರಕ್ ಚಾಲಕನೊಬ್ಬನ ಭಾವಚಿತ್ರ ಪ್ರಕಟವಾಗಿತ್ತು. 28 ವರ್ಷ ವಾಹನ ಓಡಿಸಿದ ಅವನ ಎಡಗೆನ್ನೆ ಆಳವಾದ ಸುಕ್ಕುಗಳಿಂದ ಜೋತುಬಿದ್ದಿತ್ತು. ಬಲಗೆನ್ನೆಗೆ ಹತ್ತಾರು ವರ್ಷ ಕಡಿಮೆ ವಯಸ್ಸಾದಂತೆ ತೋರುತ್ತಿತ್ತು. ಆ ದೇಶದಲ್ಲಿ ಚಾಲಕನ ಆಸನ ಎಡಕ್ಕಿರುತ್ತದೆ, ಕಿಟಕಿಯ ಗಾಜನ್ನು ಹಾದು ಬಿಸಿಲಿನ ಕಿರಣಗಳು ಎಡಗೆನ್ನೆಯನ್ನೇ ತಾಕುತ್ತಿದ್ದವು. ಆ ಒಂದು ಚಿತ್ರ ಬಿಸಿಲಿನ ವಿಚಾರವಾಗಿ ಪುಸ್ತಕಗಳಿಗಿಂತ ಹೆಚ್ಚು ಹೇಳಿತು. ನಮ್ಮ ಚಿತ್ರದುರ್ಗದಂಥ ಬಯಲುಸೀಮೆಯಲ್ಲಿ ರುಮಾಲು, ತಲೆಯ ಮೇಲಿನ ಸೆರಗು, ಹೆಗಲ ಟವೆಲು ಇವೆಲ್ಲ ಚರ್ಮದ ರಕ್ಷಣೆಯೂ ಹೌದು. ಹಿರಿಯರ ಮುಖದ ಮೇಲೆ ವಾರಗಟ್ಟಲೆ ಮಾಯದ ಹುಣ್ಣು, ಆಕಾರ ಬದಲಿಸುತ್ತಿರುವ ಮಚ್ಚೆ ಕಂಡರೆ ಅದನ್ನು ಮುಪ್ಪಿನ ಕಲೆಯೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. ಎಲೆಯಡಿಕೆ, ಹೊಗೆಸೊಪ್ಪಿನ ಅಭ್ಯಾಸವಿದ್ದವರ ಬಾಯಿ ದಿನೇ ದಿನೇ ಕಿರಿದಾಗಿ ತೆರೆಯುತ್ತಿದ್ದರೆ, ಒಂದು ಕೆನ್ನೆ ಉಬ್ಬಿದ್ದರೆ ತಡಮಾಡುವಂತಿಲ್ಲ.

ಚರ್ಮದ ಕೆಳಗಿನ ಕಥೆ ಬೇರೆ. ಹಲ್ಲು ಹೋದ ಮೇಲೆ ದವಡೆಯ ಮೂಳೆ ಸವೆಯುತ್ತದೆ, ತುಟಿಗಳು ಒಳಕ್ಕೆ ಸೇರುತ್ತವೆ, ಬಾಯಿಯ ಮೂಲೆಗಳು ಕೆಳಕ್ಕೆ ಬಾಗುತ್ತವೆ. ಹುಬ್ಬು ಇಳಿದು ರೆಪ್ಪೆ ಜೋಲುತ್ತದೆ. ಪರಿಣಾಮವಾಗಿ, ಒಳಗೆ ಯಾವ ಬೇಸರವೂ ಇಲ್ಲದ ಮುದುಕರ ಮುಖ ಸುಮ್ಮನೆ ಕುಳಿತಾಗಲೂ ಮುನಿದಂತೆ, ದಣಿದಂತೆ, ಅತೃಪ್ತವಾದಂತೆ ಕಾಣುತ್ತದೆ. ಮುಖವೇ ಮನಸ್ಸಿನ ಕನ್ನಡಿಯೆಂಬ ಮಾತನ್ನು ಎಪ್ಪತ್ತು ದಾಟಿದವರ ವಿಷಯದಲ್ಲಿ ತುಸು ಎಚ್ಚರದಿಂದ ಬಳಸಬೇಕು. "ಅತ್ತೆಯವರು ಸದಾ ಮುಖ ಗಂಟಿಕ್ಕಿಕೊಂಡೇ ಇರುತ್ತಾರೆ" ಎಂದು ಸೊಸೆ ನೊಂದುಕೊಳ್ಳುವ ಮನೆಯಲ್ಲಿ, ಆ ಗಂಟು ಹಲ್ಲಿಲ್ಲದ ದವಡೆಯದೋ ಮನಸ್ಸಿನದೋ ಎಂದು ಯಾರೂ ವಿಚಾರಿಸಿರುವುದಿಲ್ಲ. ಸೋಮವಾರಗಳಂದು ಸಿರಿಗೆರೆಯ ಸದ್ಧರ್ಮ ನ್ಯಾಯಪೀಠಕ್ಕೆ ಬಂದು ಸರದಿಗಾಗಿ ಕಾದು ಕುಳಿತ ಹಿರಿಯರನ್ನು ಗಮನಿಸಿದವರಿಗೆ ಇದು ಗೊತ್ತು. ಕಲ್ಲಿನಂತೆ ಬಿಗಿದಿದ್ದ ಮುಖ, ಪರಿಚಯದವರೊಬ್ಬರು ಬಂದು "ಆರಾಮಿದ್ದೀಯೇನಣ್ಣ" ಎಂದೊಡನೆ ಬಿಚ್ಚಿಕೊಳ್ಳುತ್ತದೆ.

ನಿಜವಾದ ನಗುವಿನ ಶಾಸ್ತ್ರ ಮೊದಲು ಸ್ಪಷ್ಟವಾದದ್ದೇ ಮುದುಕರೊಬ್ಬರ ಭಾವಚಿತ್ರಗಳಿಂದ. ಫ್ರಾನ್ಸಿನ ವೈದ್ಯ ದುಶೆನ್ 1862ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹಲ್ಲಿಲ್ಲದ ಒಬ್ಬ ವೃದ್ಧರ ಮುಖದ ಒಂದೊಂದೇ ಸ್ನಾಯುವನ್ನು ವಿದ್ಯುತ್ತಿನಿಂದ ಚಲಿಸಿ ತೆಗೆದ ಚಿತ್ರಗಳಿವೆ. ಬಾಯಿಯ ಸ್ನಾಯು ನಮ್ಮ ಮಾತು ಕೇಳುತ್ತದೆ, ಆದರೆ ಕಣ್ಣಿನ ಸುತ್ತಲಿನ ಸ್ನಾಯು ಒಳಗಿನ ಸಂತೋಷವಿಲ್ಲದೆ ಸುಲಭವಾಗಿ ಕದಲುವುದಿಲ್ಲ ಎಂದು ಅವನು ಕಂಡುಕೊಂಡ. ಹತ್ತು ವರ್ಷಗಳ ಅನಂತರ ಡಾರ್ವಿನ್ ತನ್ನ ಗ್ರಂಥದಲ್ಲಿ ಅವೇ ಚಿತ್ರಗಳಲ್ಲಿ ಕೆಲವನ್ನು ಬಳಸಿಕೊಂಡ. ಆದುದರಿಂದ ಹಿರಿಯರ ಸಂತೋಷವನ್ನು ತುಟಿಯಲ್ಲಿ ಹುಡುಕಬಾರದು, ಕಣ್ಣಂಚಿನಲ್ಲಿ ಹುಡುಕಬೇಕು. ಅಲ್ಲಿಯ ಕೋಳಿಹೆಜ್ಜೆಯಂಥ ಗೆರೆಗಳು ಬಿಸಿಲಿನ ಜೊತೆಗೆ ನಕ್ಕು ನಕ್ಕು ಬಂದವೂ ಹೌದು.

ಇನ್ನು ರೋಗದ ಮಾತು. ಪಾರ್ಕಿನ್ಸನ್ ಕಾಯಿಲೆಯೆಂದರೆ ಎಲ್ಲರಿಗೂ ಕೈನಡುಕವೇ ನೆನಪಾಗುತ್ತದೆ. ಆದರೆ ಅನೇಕರಲ್ಲಿ ನಡುಕಕ್ಕಿಂತ ಮೊದಲೇ ಮುಖದ ಚಲನೆ ಕುಂದುತ್ತದೆ. ರೆಪ್ಪೆ ಬಡಿಯುವುದು ಅಪರೂಪವಾಗುತ್ತದೆ, ದನಿ ಮೆಲ್ಲಗಾಗುತ್ತದೆ, ಅಕ್ಷರ ಚಿಕ್ಕದಾಗುತ್ತದೆ. ಮೊಮ್ಮಗ ಓಡಿಬಂದು ತೊಡೆಯೇರಿದರೂ ಮುಖದಲ್ಲಿ ಅರಳುವಿಕೆ ಕಾಣುವುದಿಲ್ಲ. ಮನೆಯವರು "ಅಪ್ಪನಿಗೆ ಈಗ ಯಾರೂ ಬೇಡವಾಗಿದ್ದಾರೆ" ಎಂದು ತೀರ್ಮಾನಿಸುತ್ತಾರೆ. ಅಪ್ಪನಿಗೆ ಎಲ್ಲರೂ ಬೇಕು. ಮುಖ ಮಾತ್ರ ಅವರ ಮಾತು ಕೇಳುತ್ತಿಲ್ಲ. ಹೀಗೆ ಎರಡು ಮೂರು ವರ್ಷ ಮುನಿಸಿನಲ್ಲಿ ಕಳೆದು, ಅನಂತರ ರೋಗವೆಂದು ತಿಳಿದಾಗ ಮಕ್ಕಳು ಪಡುವ ಸಂಕಟ ದೊಡ್ಡದು. ವರ್ಷಕ್ಕೊಂದರಂತೆ ತೆಗೆದ ಐದಾರು ಚಿತ್ರಗಳನ್ನು ಸಾಲಾಗಿ ಇಟ್ಟರೆ, ದಿನವೂ ನೋಡುವ ಕಣ್ಣಿಗೆ ಗೋಚರಿಸದ ಈ ಬದಲಾವಣೆ ಥಟ್ಟನೆ ಕಾಣುತ್ತದೆ. ವೃದ್ಧಾಪ್ಯದ ಖಿನ್ನತೆಯೂ ಮುಖವನ್ನು ಹೀಗೆಯೇ ಮಂಕಾಗಿಸುತ್ತದೆ, ಅದಕ್ಕೂ ಚಿಕಿತ್ಸೆಯಿದೆ. ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿದಾಗ ಮುಖ ಊದಿಕೊಳ್ಳುತ್ತದೆ, ಚರ್ಮ ಒಣಗುತ್ತದೆ, ಹುಬ್ಬಿನ ಹೊರತುದಿಯ ಕೂದಲು ಉದುರಬಹುದು. ಕಣತಲೆ ಗುಳಿಬಿದ್ದು, ಸರಿಯಾಗಿ ಕೂರುತ್ತಿದ್ದ ಹಲ್ಲುಸೆಟ್ಟು ಸಡಿಲವಾಗಿದ್ದರೆ ಮೈಯ ತೂಕ ಇಳಿದಿದೆಯೆಂದು ಅರ್ಥ. ಕಾರಣ ಹುಡುಕಬೇಕು, ವಯಸ್ಸಾಯಿತೆಂಬುದು ಕಾರಣವಲ್ಲ.

ವೈದ್ಯರು ಹಳೆಯ ಫೋಟೊ ಕೇಳುವ ಸಂದರ್ಭಗಳಿವೆ ಎಂಬುದು ಹಲವರಿಗೆ ತಿಳಿಯದು. ಒಂದು ರೆಪ್ಪೆ ಇಳಿದಿದೆ, ಮುಖ ಒಂದು ಕಡೆಗೆ ವಾಲಿದಂತಿದೆ ಎಂದಾಗ ಅದು ಮೊದಲಿನಿಂದಲೂ ಹಾಗೆಯೇ ಇತ್ತೋ ಈಚೆಗೆ ಬಂದದ್ದೋ ಎಂಬುದರ ಮೇಲೆ ಮುಂದಿನ ಪರೀಕ್ಷೆ ನಿಂತಿರುತ್ತದೆ. ಹತ್ತು ವರ್ಷದ ಹಿಂದಿನ ಸ್ಪಷ್ಟ ಚಿತ್ರವೊಂದು ಆ ಪ್ರಶ್ನೆಗೆ ಉತ್ತರ ಕೊಡಬಲ್ಲದು. ಆದರೆ ಒಮ್ಮೆಗೇ ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ ಚಿತ್ರ ತೆಗೆಯುತ್ತ, ತೆಗೆದದ್ದನ್ನು ನೆಂಟರಿಗೆ ಕಳಿಸುತ್ತ ನಿಲ್ಲಬಾರದು. ಅದು ಪಾರ್ಶ್ವವಾಯು. ತೊಂದರೆ ಶುರುವಾದ ಹೊತ್ತನ್ನು ಗುರುತಿಟ್ಟುಕೊಂಡು ಕೂಡಲೇ 108ಕ್ಕೆ ಕರೆಮಾಡಬೇಕು. ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಸಿರಿಗೆರೆಯಂಥ ಊರಿನಿಂದ ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗುವ ದಾರಿಯ ಹೊತ್ತೂ ಅದರಲ್ಲಿಯೇ ಸೇರಿದೆ.

ಸರ್ಕಾರವೂ ಈಗ ಹಿರಿಯರ ಮುಖವನ್ನು ನೋಡತೊಡಗಿದೆ. ಪಿಂಚಣಿದಾರರು ಬದುಕಿದ್ದಾರೆಂಬುದಕ್ಕೆ ಕೊಡಬೇಕಾದ ಜೀವಿತ ಪ್ರಮಾಣಪತ್ರವನ್ನು 2014ರಿಂದ ಬೆರಳಚ್ಚಿನ ಮೂಲಕ ವಿದ್ಯುನ್ಮಾನವಾಗಿ ಸಲ್ಲಿಸುವ ವ್ಯವಸ್ಥೆ ಬಂತು. ದುಡಿದು ಸವೆದ ಬೆರಳುಗಳ ಗೆರೆ ಯಂತ್ರಕ್ಕೆ ಸಿಗದೆ ಎಷ್ಟೋ ಮಂದಿ ಅಲೆದರು. 2021ರಿಂದ ಮೊಬೈಲಿನ ಮುಂದೆ ಮುಖ ತೋರಿಸಿ, ರೆಪ್ಪೆ ಮಿಟುಕಿಸಿ ಬದುಕಿರುವುದನ್ನು ಸಾಬೀತುಪಡಿಸಬಹುದಾಗಿದೆ. ಕೈಗೆ ಸವೆತ ಬಂದ ಮೇಲೆ ಮುಖವೇ ಸಾಕ್ಷಿಯಾಯಿತು.

ಮನೆಯಲ್ಲಿ ಚಿತ್ರ ತೆಗೆಯುವುದಕ್ಕೆ ಸ್ಟುಡಿಯೊ ಬೇಕಿಲ್ಲ, ಹೊಸ ಕ್ಯಾಮೆರಾವೂ ಬೇಕಿಲ್ಲ. ಬೆಳಕು ಬೇಕು. ನಡುಹಗಲಿನ ಬಿಸಿಲು ಹುಬ್ಬಿನ ಕೆಳಗೆ ಕತ್ತಲೆಯ ಗುಳಿಗಳನ್ನು ಮಾಡುತ್ತದೆ. ಬೆಳಗಿನ ಹೊತ್ತು ಜಗಲಿಯ ನೆರಳು, ಅಥವಾ ತೆರೆದ ಬಾಗಿಲಿನ ಪಕ್ಕ, ಅತ್ಯುತ್ತಮ. ಬೆಳಕು ಒಂದು ಪಕ್ಕದಿಂದ ಮುಖವನ್ನು ತಾಕುವಂತೆ ಕುಳ್ಳಿರಿಸಿರಿ. ಬೆನ್ನಿಗೆ ಆಸರೆಯಿರುವ, ಪಾದ ನೆಲಕ್ಕೆ ತಾಗುವ ಕುರ್ಚಿಯಿರಲಿ. ಮಂಡಿನೋವಿನವರನ್ನು ನಿಲ್ಲಿಸಿ ಕಾಯಿಸಬಾರದು. ಫ್ಲ್ಯಾಶ್ ಬೇಡ. ಮೊಬೈಲನ್ನು ಮೂಗಿನ ಹತ್ತಿರಕ್ಕೆ ಒಯ್ದರೆ ಮೂಗು ದಪ್ಪವಾಗಿ, ಕಿವಿ ಚಿಕ್ಕದಾಗಿ, ಮುಖವೇ ವಿಕಾರವಾಗುತ್ತದೆ. ಐದಾರು ಅಡಿ ದೂರ ನಿಂತು, ಝೂಮ್ ಸ್ವಲ್ಪ ಹೆಚ್ಚಿಸಿ, ಅವರ ಕಣ್ಣಿನ ಎತ್ತರಕ್ಕೆ ನೀವೂ ಕುಳಿತು ತೆಗೆಯಿರಿ. ಮೇಲಿನಿಂದ ತೆಗೆದ ಚಿತ್ರದಲ್ಲಿ ಹಿರಿಯರು ಶಿಕ್ಷೆಗೊಳಗಾದ ಮಕ್ಕಳಂತೆ ಕಾಣುತ್ತಾರೆ. ಕನ್ನಡಕ ದಿನವೂ ಹಾಕುವವರಾದರೆ ಇರಲಿ. ಗಾಜು ಹೊಳೆದರೆ ಕಿವಿಯ ಮೇಲಿನ ಕಡ್ಡಿಯನ್ನು ತುಸು ಎತ್ತಿದರೆ ಸಾಕು. ಹೊಸ ಸೀರೆ ಉಡಿಸುವ ಹಟ ಬೇಡ. ಸೆರಗು ಹೊದೆಯುವ ರೂಢಿಯಿದ್ದರೆ ಹಾಗೆಯೇ ಇರಲಿ. ಪೂಜೆಯ ಹೊತ್ತಿನ ಚಿತ್ರ ಬೇಕೆನಿಸಿದರೆ ಮೊದಲೇ ಅಪ್ಪಣೆ ಕೇಳಿರಿ; ಅಂಗೈಯ ಇಷ್ಟಲಿಂಗದಲ್ಲಿ ನೆಟ್ಟ ದೃಷ್ಟಿಯನ್ನು ಕ್ಯಾಮೆರಾದ ಸದ್ದು ಕದಲಿಸಬಾರದು.

"ಸ್ವಲ್ಪ ನಗವ್ವ" ಎಂದರೆ ಆಗುವುದು ದುಶೆನ್ ಹೇಳಿದ್ದೇ, ತುಟಿ ಮಾತ್ರ ಅಗಲವಾಗುತ್ತದೆ. ಅದರ ಬದಲು ಏನನ್ನಾದರೂ ಕೇಳಿರಿ. ಹಿರಿಯೂರಿನ ಕಡೆಯವರಾದರೆ ಮಾರಿಕಣಿವೆಯ ಕೋಡಿಯ ಮಾತೆತ್ತಿರಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ತುಂಬಿ ಹರಿದದ್ದು 89 ವರ್ಷಗಳ ಬಳಿಕ, 2022ರಲ್ಲಿ. ತಮ್ಮ ತಂದೆ ತಾಯಿ ಹೇಳುತ್ತಿದ್ದ ಕೋಡಿಯ ಕಥೆಯನ್ನು ಇಳಿವಯಸ್ಸಿನಲ್ಲಿ ಕಣ್ಣಾರೆ ಕಂಡವರ ಮುಖ ಆ ಮಾತಿಗೆ ಹೇಗೆ ಬೆಳಗುತ್ತದೆಂದು ನೋಡಬೇಕು. ಅಡಕೆತೋಟದ ಮೊದಲ ಸಸಿ, ಕಾಲ್ನಡಿಗೆಯಲ್ಲಿ ಹೋಗಿ ಬಂದ ಹುಣ್ಣಿಮೆ ಮಹೋತ್ಸವ, ಕಣದಲ್ಲಿ ರಾಗಿ ತೂರಿದ ರಾತ್ರಿ, ಯಾವುದಾದರೂ ಆದೀತು. ಮಾತು ನಡೆಯಲಿ, ಚಿತ್ರ ತೆಗೆಯುವುದೂ ನಡೆಯಲಿ. ವೃದ್ಧರು ಗತಕಾಲವನ್ನು ಮೆಲುಕುಹಾಕುವುದು ಬುದ್ಧಿಮಾಂದ್ಯದ ಲಕ್ಷಣವಲ್ಲ, ತಮ್ಮ ಬಾಳಿನ ಲೆಕ್ಕವನ್ನು ತಾವೇ ನೋಡಿಕೊಳ್ಳುವ ಸಹಜ ಕ್ರಿಯೆ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿಯೇ ಪ್ರತಿಪಾದಿಸಿದರು. ಕೇಳುವ ಕಿವಿಯೊಂದು ಎದುರಿಗಿದ್ದರೆ ಆ ಲೆಕ್ಕ ಹಗುರವಾಗುತ್ತದೆ.

ತೆಗೆದ ಚಿತ್ರವನ್ನು ಮೊಬೈಲಿನ ಸೌಂದರ್ಯ ಸಾಧನಗಳಿಂದ ತಿದ್ದುವುದು ನನಗೆ ಸಮ್ಮತವಿಲ್ಲ. ಬೆರಳಾಡಿಸಿದರೆ ಸುಕ್ಕು ಮಾಯ, ಮಚ್ಚೆ ಮಾಯ. ಕೊನೆಗೆ ಮೇಣದ ಗೊಂಬೆಯಂಥ ಯಾರೋ ಒಬ್ಬರು ಉಳಿಯುತ್ತಾರೆ. ಕೆಲವು ಮೊಬೈಲುಗಳಲ್ಲಿ ಈ ತಿದ್ದುಪಡಿ ಕೇಳದೆಯೇ ನಡೆಯುತ್ತದೆ, ಅದನ್ನು ಮೊದಲೇ ನಿಲ್ಲಿಸಿಡಬೇಕು. ಆಸ್ಪತ್ರೆಯ ಹಾಸಿಗೆಯಲ್ಲಿ, ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ ತಂದೆಯ ಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಂಚುವುದಂತೂ ಅವರ ಮಾನಕ್ಕೆ ಮಾಡುವ ಅಪಚಾರ. ಎಚ್ಚರವಿದ್ದಿದ್ದರೆ ಅವರು ಒಪ್ಪುತ್ತಿದ್ದರೇ ಎಂದು ಒಂದು ಕ್ಷಣ ಯೋಚಿಸಿದವರು ಆ ಗುಂಡಿ ಒತ್ತಲಾರರು.

ಒಳ್ಳೆಯ ಚಿತ್ರವೊಂದನ್ನು ಕಾಗದದ ಮೇಲೆ ಅಚ್ಚುಹಾಕಿಸಿ, ಹಿಂಬದಿಯಲ್ಲಿ ಹೆಸರು, ಊರು, ತಾರೀಖು ಬರೆದಿಡಿ. ಮೊಬೈಲು ಕೆಟ್ಟರೆ ಅದರೊಳಗಿನದೂ ಹೋಗುತ್ತದೆ. ಹಳೆಯ ಚಿತ್ರಗಳಿದ್ದರೆ ಅವುಗಳ ಹಿಂದೆಯೂ ಹಿರಿಯರನ್ನೇ ಕೇಳಿ ಬರೆಯಿರಿ. ಯಾರು ಯಾರೆಂದು ಹೇಳಬಲ್ಲವರು ಮನೆಯಲ್ಲಿ ಅವರೊಬ್ಬರೇ ಉಳಿದಿರಬಹುದು. ಮುಂದೆ ಮರೆವಿನ ಕಾಯಿಲೆ ಬಂದರೆ ಈ ಚಿತ್ರಗಳ ಬೆಲೆ ತಿಳಿಯುತ್ತದೆ. ಡಿಮೆನ್ಷಿಯಾ ಬಂದವರಲ್ಲಿ ಈಚಿನ ನೆನಪು ಮೊದಲು ಅಳಿಯುತ್ತದೆ, ಹಳೆಯದು ಬಹುಕಾಲ ಉಳಿಯುತ್ತದೆ. ಮುಂದುವರಿದ ಹಂತದಲ್ಲಿ ಕೆಲವರು ಕನ್ನಡಿಯಲ್ಲಿ ಕಂಡ ತಮ್ಮ ಮುದಿಮುಖವನ್ನು ಬೇರೆ ಯಾರೋ ಎಂದುಕೊಂಡು ಹೆದರುವುದೂ ಉಂಟು. ಆದರೆ ಮದುವೆಯ ಕಾಲದ ಚಿತ್ರವನ್ನು ಕಂಡು ಗುರುತಿಸುತ್ತಾರೆ. ಅಂಥವರ ಮುಂದೆ ಚಿತ್ರವಿಟ್ಟು "ಇದು ಯಾರು, ಹೇಳು ನೋಡೋಣ" ಎಂದು ಶಾಲೆಯ ಮೇಷ್ಟರಂತೆ ಪರೀಕ್ಷಿಸಬಾರದು. ಉತ್ತರ ಬರದಿದ್ದಾಗ ಅವರಿಗಾಗುವ ಕಳವಳ ಮುಖದಲ್ಲಿ ಕಾಣದಿದ್ದರೂ ಒಳಗೆ ಇರುತ್ತದೆ. "ಇದು ನಿನ್ನ ತಂಗಿ ಕಣವ್ವ, ಹೊಸದುರ್ಗಕ್ಕೆ ಕೊಟ್ಟಿದ್ದರಲ್ಲ" ಎಂದು ನಾವೇ ಹೇಳಿ, ಸುಮ್ಮನೆ ಪಕ್ಕದಲ್ಲಿ ಕುಳಿತಿದ್ದರೆ ಸಾಕು. ಎಷ್ಟೋ ಸಲ ಮುಂದಿನ ಮಾತನ್ನು ಅವರೇ ಆರಂಭಿಸುತ್ತಾರೆ.